ಅಜ್ಜನ ದೋಣಿಗೆ ಚಿಲಕ ಹುಡುಕಿದ್ದು

ಸಿಂಚನಾ, ತರುಣ್, ಕಳೆದ ವಾರ ನಿಮ್ಮ ಅಜ್ಜಿ ಮುರಿದ ಹಿತ್ತಾಳೆ ಚಿಲಕವೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೂರು ಊರು ಸುತ್ತಿದಳು.

ನಗಬೇಡಿ. ಹೊಳಲ್ಕೆರೆಗೆ ನಿಮ್ಮನ್ನು ನೋಡಲು ಬರುವಾಗ, ಬಸ್ಸಿನಲ್ಲಿ ಪಕ್ಕದವರಿಗೆ ಕಿಟಕಿ ಮುಚ್ಚಿ ಎನ್ನಲೂ ನಾಚುವವಳು ನಾನು. ಗಂಡಸರೇ ತುಂಬಿರುವ ಹಾರ್ಡ್‌ವೇರ್ ಅಂಗಡಿಗೆ ಒಬ್ಬಳೇ ನುಗ್ಗಿದೆ ಎಂದರೆ ಸಣ್ಣ ಮಾತಲ್ಲ. (ಈ ಅಂಕಣ ಓದುವ ಉಳಿದವರು ಬೇಸರಿಸಬೇಡಿ. ಈ ವಾರದ ಮಾತು ಮೊಮ್ಮಕ್ಕಳಿಗೆ. ನೀವೂ ಕೇಳಿಸಿಕೊಳ್ಳಬಹುದು.)

ವಿಷಯ ನಿಮ್ಮ ಅಜ್ಜನ ದೋಣಿಯದು.

ನೀವಿಬ್ಬರೂ ಆ ದೋಣಿಯನ್ನು ದಂಡೆಯ ಮೇಲೆ ನೋಡಿದ್ದೀರಿ, ನೀರಿನ ಮೇಲೆ ನೋಡಿಲ್ಲ. ನಿಮ್ಮಜ್ಜ ಮಾರಿಕಣಿವೆಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದರು, ಆಚೆ ದಡಕ್ಕೆ ಜನರನ್ನೂ ಮೇಕೆಗಳನ್ನೂ ದಾಟಿಸುತ್ತಿದ್ದರು. ದೋಣಿ ಕರಾವಳಿಯಲ್ಲಿ ಯಾರೋ ಬಳಸಿ ಬಿಟ್ಟದ್ದು. ನಮ್ಮ ಕಡೆಯ ಈರುಳ್ಳಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯ ಮೇಲೆ ಅದನ್ನು ತಂದಿದ್ದರು. ಲಾರಿ ಊರೊಳಗೆ ಬಂದಾಗ ಜನವೆಲ್ಲ ಹಿಂದೆ ಓಡಿತ್ತು. ನಾನು ಕದದ ಸಂದಿಯಿಂದ ನೋಡಿದ್ದೆ.

ಆ ದೋಣಿಯ ಮುಂಭಾಗದಲ್ಲಿ ಒಂದು ಪೆಟ್ಟಿಗೆಯಂಥ ಜಾಗವಿದೆ. ಬಲೆ, ಬುತ್ತಿ, ಲೈಫ್ ಜಾಕೆಟ್ ಎಲ್ಲ ಅದರೊಳಗೆ. ಮೇಲೆ ಮರದ ಮುಚ್ಚಳ. ಹಿಂದೆ ಎರಡು ಕೀಲು, ಮುಂದೆ ಎಡಕ್ಕೊಂದು ಬಲಕ್ಕೊಂದು ಹಿತ್ತಾಳೆ ಚಿಲಕ. ಗಾಳಿ ಎದ್ದಾಗ ಅಲೆ ಮುಂಭಾಗದ ಮೇಲೇ ಹಾಯುತ್ತದೆ. ಮುಚ್ಚಳ ಬಿಗಿಯಾಗಿ ಕೂತಿದ್ದರೆ ಸರಿ. ಇಲ್ಲವೆಂದರೆ ಪೆಟ್ಟಿಗೆಗೆ ನೀರು ತುಂಬಿ ದೋಣಿ ಮೂಗು ಕೆಳಗೆ ಹಾಕುತ್ತದೆ. ಅಷ್ಟು ದೊಡ್ಡ ದೋಣಿಯ ಪ್ರಾಣ ಅಂಗೈಯಗಲದ ಎರಡು ಚಿಲಕದಲ್ಲಿ.

ಅಜ್ಜ ಹೋಗಿ ಮೂರು ವರ್ಷ ದೋಣಿ ದಂಡೆಯಲ್ಲೇ ಮಲಗಿತ್ತು. ಈ ಸಲ ನಿಮ್ಮ ಚಿಕ್ಕಜ್ಜ ಹನುಮಂತ ಅದನ್ನು ನೀರಿಗಿಳಿಸುತ್ತೇನೆ ಎಂದ. ನನಗೆ ಹೇಳಲಾಗದಷ್ಟು ಸಂತೋಷವಾಯಿತು. ರಜೆಗೆ ನೀವು ಬಂದಾಗ ಅಜ್ಜನ ದೋಣಿಯಲ್ಲೇ ಕೂರಿಸಿ ಒಂದು ಸುತ್ತು ಹಾಕಿಸಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ಹನುಮಂತ ಮುಚ್ಚಳ ತೆರೆಯಲು ಚಿಲಕ ಎಳೆದ. ಅದು ಬಿಸ್ಕತ್ತಿನಂತೆ ಮುರಿದು ಅವನ ಕೈಗೇ ಬಂತು.

"ನೋಡ್ರಿ ಅತ್ತಿಗೆ, ಅಣ್ಣ ಇದಕ್ಕೆ ಒಂದು ದಿನಾನೂ ಎಣ್ಣೆ ಬಿಟ್ಟಿಲ್ಲ ಅನ್ಸುತ್ತೆ. ಇಂಥದೇ ಒಂದು ಸಿಕ್ರೆ ದೋಣಿ ಉಳೀತು. ಇಲ್ಲಾಂದ್ರೆ ಒಡೆದು ಸೌದೆ ಮಾಡದೇ ಸೈ. ನಾನು ಫೈಬರ್ ದೋಣಿ ನೋಡ್ಕಂತೀನಿ."

"ನಿಮ್ಮಣ್ಣಂಗೆ ಯಾವುದರ ಮೇಲೆ ನಿಗಾ ಇತ್ತು ಹೇಳು," ಅಂದೆ. ಅಭ್ಯಾಸ. ಬಾಯಿಗೆ ಮೊದಲು ಬರುವ ಮಾತು ಅದೇ ಆಗಿಬಿಟ್ಟಿತ್ತು.

ಆಮೇಲೆ, ಚಿಲಕ ನಾನೇ ಹುಡುಕುತ್ತೇನೆ ಎಂದೆ. ಅವನು ನನ್ನ ಮುಖವನ್ನೇ ನೋಡಿದ. "ನೀವಾ?"

ಹೌದು, ನಾನೇ. ಹೋಗುವ ಮೊದಲು ಏನು ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡೆ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳಿಗೆ ಬಾಯಿಗಿಂತ ಬರಹದ ಮೇಲೆ ಧೈರ್ಯ ಹೆಚ್ಚು.

ಮೊದಲು ಹೊಸದುರ್ಗ. ಅಂಗಡಿಯೆದುರು ಜನ ಕಡಿಮೆಯಾಗಲಿ ಎಂದು ಬಳೆ ಅಂಗಡಿ ನೋಡುವವಳಂತೆ ಪಕ್ಕದಲ್ಲಿ ನಿಂತೆ. ಜನ ಕಡಿಮೆಯಾಗಲಿಲ್ಲ. ಬಳೆಯವಳೇ ಎರಡು ಸಲ "ಏನ್ ಕೊಡ್ಲಮ್ಮ?" ಎಂದ ಮೇಲೆ ಹಾರ್ಡ್‌ವೇರ್ ಅಂಗಡಿಯೇ ವಾಸಿ ಎನಿಸಿತು. ಚಿಲಕ ಕೌಂಟರ್ ಮೇಲಿಟ್ಟೆ.

"ಬಾತ್‌ರೂಮ್ ಬಾಗಿಲಿಗಾ ಅಮ್ಮ?"

"ಅಲ್ಲಪ್ಪ. ದೋಣಿಗೆ."

ಅಂಗಡಿಯವನು ಪೇಂಟ್ ಡಬ್ಬಿ ಇಳಿಸುತ್ತಿದ್ದವನನ್ನು ಕೂಗಿದ. "ಲೇ ಇಲ್ಲಿ ಕೇಳೋ! ದೋಣಿಗೆ ಚಿಲಕ ಬೇಕಂತೆ! ನಮ್ ಜಿಲ್ಲೇಲಿ ಕುಡಿಯಾಕೆ ನೀರಿದ್ರೆ ಸಾಕು ಅಂತೀವಿ, ಇವರು ದೋಣಿ ಇಟ್ಕಂಡವ್ರೆ!"

ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಸೆರಗು ಬಾಯಿಗೆ ಹಿಡಿದಿದ್ದರಿಂದ ಯಾರಿಗೂ ಕಾಣಲಿಲ್ಲ.

ಮಾರನೆಯ ದಿನ ಹಿರಿಯೂರು. ಅಲ್ಲಿಯ ದೊಡ್ಡ ಅಂಗಡಿಯವನು ಮರ್ಯಾದಸ್ಥ. ಸ್ಟೂಲ್ ಹಾಕಿ, "ಕುಂತ್ಕಳ್ರಿ ಅಮ್ಮ, ಆನ್‌ಲೈನಲ್ಲಿ ನೋಡಾಣ," ಎಂದು ಫೋನ್ ತೆಗೆದ. ಕನ್ನಡಿಯಂತೆ ಹೊಳೆಯುವ ಸ್ಟೀಲಿನ ಚಿಲಕಗಳು ಒಂದರ ಹಿಂದೆ ಒಂದು ಬಂದವು. ಯಾವುದೋ ದೇಶದ ಹಡಗಿನವು. ಒಂದಾದರೂ ನನ್ನ ಚಿಲಕದಂತೆ ಇರಲಿಲ್ಲ.

"ದೋಣಿ ಯಾವ ಕಂಪನಿದು? ಮಾಡೆಲ್ ನಂಬರ್ ಏನಾದ್ರೂ ಐತಾ?"

ಮಾಡೆಲ್ ನಂಬರ್! ಆ ದೋಣಿಗೆ ಕಾಗದವಿಲ್ಲ, ಹೆಸರಿಲ್ಲ. ಅದರ ವಿಷಯ ತಿಳಿದಿದ್ದ ನಿಮ್ಮಜ್ಜನೂ ಈಗ ಇಲ್ಲ.

"ಹಳೇದ್ಯಾಕೆ ಅಮ್ಮ, ಹೊಸಾ ದೋಣಿನೇ ತಗಂಬಿಡ್ರಿ," ಎಂದ ಕೊನೆಗೆ. ಗಮನಿಸಿದ್ದೀರಾ? ಮಿಕ್ಸಿ ಜಾರಿನ ರಬ್ಬರ್ ಕೇಳಿ, ಕೊಡೆಯ ಕಡ್ಡಿ ಕೇಳಿ, ಎಲ್ಲೆಡೆಯೂ ಇದೇ ಉತ್ತರ. ಚೂರೊಂದು ಕೇಳಲು ಹೋದವರಿಗೆ ಇಡೀ ವಸ್ತುವನ್ನೇ ಬಿಡಿ ಎನ್ನುತ್ತಾರೆ. ವಸ್ತುವಿನ ಜೊತೆ ಇನ್ನೇನನ್ನು ಬಿಡಬೇಕಾಗುತ್ತದೆ ಎಂದು ಅವರಿಗಾದರೂ ಹೇಗೆ ಗೊತ್ತು?

ಮೂರನೆಯ ದಿನ ಚಿತ್ರದುರ್ಗ. ಲಾರಿಗೆ ಬಾಡಿ ಕಟ್ಟುವ ಶೆಡ್ಡುಗಳ ಕಡೆ ಹೋದೆ. ಲಾರಿಯ ಹಿಂಬಾಗಿಲಿಗೂ ಚಿಲಕ ಬೇಕಲ್ಲ? ಅಲ್ಲೊಬ್ಬ ವೆಲ್ಡಿಂಗ್ ನಿಲ್ಲಿಸಿ ನನ್ನ ಚೂರನ್ನು ತಿರುವಿ ನೋಡಿ, "ಇದು ಎರಕದ ಹಿತ್ತಾಳೆ. ಸಾಬ್ರತ್ರ ಹೋಗ್ರಿ," ಎಂದು ದಾರಿ ತೋರಿಸಿದ.

ರಹಮತ್ ಸಾಬರದು ಓಣಿಯೊಳಗಿನ ಪುಟ್ಟ ಅಂಗಡಿ. ಗಂಟೆ, ದೀಪದ ಕಂಬ, ಹೊಸ್ತಿಲ ಪಟ್ಟಿ ಎಲ್ಲವನ್ನೂ ರಿಪೇರಿ ಮಾಡುತ್ತಾರೆ. ಅವರ ಅಜ್ಜನ ಅಜ್ಜನ ಕಾಲದಿಂದ ಇದೇ ಓಣಿ, ಇದೇ ಕಸುಬಂತೆ. ವಯಸ್ಸಾದವರು. ನನ್ನ ಕಡೆ ನೋಡದೆ ಚಿಲಕವನ್ನೇ ನೋಡುತ್ತ ಮಾತಾಡಿದ್ದರಿಂದ ನನಗೂ ಸಲೀಸಾಯಿತು.

"ನೀರಲ್ಲಿದ್ದಿದ್ದಾ ಇದು?"

"ಹೌದ್ರಿ. ದೋಣಿದು. ನಮ್ಮನೆಯವರು ಒಂದಿಷ್ಟು ನಿಗಾ ಮಾಡ್ಲಿಲ್ಲ. ನೀರು ತಿಂದುಬಿಟ್ಟೈತೆ."

ಅವರು ಚಿಲಕವನ್ನು ಕಲ್ಲಿಗೆ ಉಜ್ಜಿದರು. ಬೆಳಕಿಗೆ ಹಿಡಿದರು. ತಲೆ ಅಲ್ಲಾಡಿಸಿದರು.

"ನೀರು ತಿಂದಿದ್ರೆ ಎಲ್ಲಾ ಕಡೆ ಒಂದೇ ಸಮ ತಿಂತಿತ್ತಮ್ಮ. ಇಲ್ಲಿ ನೋಡ್ರಿ, ಕೆಳಗಡೆ ಹಿತ್ತಾಳೆ ಹಳದಿಯಾಗಿ ಗಟ್ಟಿ ಐತೆ. ಮೇಲ್ಗಡೆ ಮಾತ್ರ ತಾಮ್ರದಂಗೆ ಕೆಂಪಾಗಿ ಪುಡಿಪುಡಿ. ಇದು ಹುಳಿ ತಿಂದಿರೋದು. ಇದರ ಮೇಲೆ ಏನಾದ್ರೂ ಇಡ್ತಿದ್ರಾ?"

ಮಕ್ಕಳೇ, ನನಗೆ ಆ ಕ್ಷಣದಲ್ಲೇ ತಿಳಿಯಿತು.

ಪ್ರತಿ ವರ್ಷ ಆಯುಧ ಪೂಜೆಗೆ ಎಲ್ಲರೂ ಟ್ರ್ಯಾಕ್ಟರಿಗೆ, ಬೈಕಿಗೆ, ಪಂಪ್‌ಸೆಟ್ಟಿಗೆ ಪೂಜೆ ಮಾಡುತ್ತಿದ್ದರೆ ನಾನು ದೋಣಿಗೆ ಮಾಡುತ್ತಿದ್ದೆ. ನಿಂಬೆಹಣ್ಣು ಕೊಯ್ದು, ಎರಡು ಹೋಳಿಗೂ ಕುಂಕುಮ ಮೆತ್ತಿ, ಚಿಲಕದ ಮೇಲೆ ಒತ್ತಿ ಕೂರಿಸುತ್ತಿದ್ದೆ. ಮುಚ್ಚಳದ ಮೇಲೆ ಹೋಳು ನಿಲ್ಲುವಂಥ ಜಾಗ ಅದೊಂದೇ. ಅದನ್ನು ತೆಗೆಯಲು ಯಾರನ್ನೂ ಬಿಡುತ್ತಿರಲಿಲ್ಲ. ಒಣಗಿ, ಕಪ್ಪಾಗಿ, ತಾನಾಗಿ ಉದುರಬೇಕು. ನೀರಿನ ಮೇಲೆ ಹೋಗುವ ಗಂಡಸಿಗೆ ಅದೇ ಕಾವಲು ಎಂದು ನಂಬಿದ್ದೆ.

ಮೊದಲ ಒಂದೆರಡು ವರ್ಷ ನಿಮ್ಮಜ್ಜ ಮಾರನೆಯ ಬೆಳಿಗ್ಗೆಯೇ ಹೋಳು ತೆಗೆದು, ಒದ್ದೆ ಬಟ್ಟೆಯಲ್ಲಿ ಚಿಲಕ ಒರೆಸಿ, ಕೊಬ್ಬರಿ ಎಣ್ಣೆ ಸವರುತ್ತಿದ್ದರು. ನನಗೆ ಗೊತ್ತೇ ಇರಲಿಲ್ಲ. ಒಂದು ಬೆಳಿಗ್ಗೆ ಬುತ್ತಿ ಕೊಡಲು ದಂಡೆಗೆ ಹೋದವಳು ನೋಡಿಬಿಟ್ಟೆ.

"ಪೂಜೆ ಮಾಡಿದ್ದನ್ನ ಒರೆಸ್ತೀರಾ? ನಿಮಗೇನು ಬದುಕೋ ಆಸೆ ಐತೋ ಇಲ್ವೋ?"

"ಹಿತ್ತಾಳೆ ಕಣೇ ಅದು. ಹುಳಿ ತಡೆಯಲ್ಲ," ಎಂದರು. ಮೆಲ್ಲಗೆ. ಒಂದೇ ಸಲ.

ನಾನು ಅತ್ತೆ. ನಾಲ್ಕು ದಿನ ಮಾತು ಬಿಟ್ಟೆ. ಹೊರಗಿನವರ ಮುಂದೆ ಬಾಯಿ ಬಿಡದವಳಿಗೆ ಮನೆಯೊಳಗೆ ಅದೆಷ್ಟು ಹಟ ಇರುತ್ತದೆ ಎಂದು ನಿಮಗೆ ಗೊತ್ತಿಲ್ಲ. ಐದನೆಯ ದಿನ ಅವರೇ ಬಂದು, "ಆಯ್ತು ಮಾರಾಯ್ತಿ, ಇನ್ನು ಮುಟ್ಟಲ್ಲ," ಎಂದರು. ಮುಟ್ಟಲಿಲ್ಲ. ಸಾಯುವವರೆಗೂ.

ವರ್ಷ ಕಳೆದಂತೆ ಚಿಲಕ ಬಿಗಿಯಾಯಿತು. ಸುತ್ತಿಗೆಯ ಹಿಂಭಾಗದಿಂದ ತಟ್ಟಿ ತೆರೆಯುತ್ತಿದ್ದರು. ಒಮ್ಮೆ ಅದರ ಮುರುಕು ಅಂಚು ಹೆಬ್ಬೆರಳು ಸೀಳಿತು. ನಾನು ಅರಿಸಿನ ಒತ್ತಿ ಬಟ್ಟೆ ಕಟ್ಟುತ್ತ ಮನೆಗೆ ಬಂದಿದ್ದ ನೆಂಟರಿಗೆಲ್ಲ ಕೇಳುವಂತೆ, "ಇವರಿಗೆ ಒಂದು ಸಾಮಾನಿನ ಮೇಲೂ ನಿಗಾ ಇಲ್ಲ," ಎಂದಿದ್ದೆ. ನಿಮ್ಮಮ್ಮ ಆಗ ಹುಡುಗಿ. ಅವಳೂ ಅದನ್ನೇ ಕಲಿತಳು. "ಅಪ್ಪಂಗೆ ನಿಗಾ ಇಲ್ಲ" ಎನ್ನುವುದು ನಮ್ಮ ಮನೆಯ ತಮಾಷೆಯಾಯಿತು. ಅವರು ಎಲ್ಲರ ಜೊತೆ ತಾವೂ ನಗುತ್ತಿದ್ದರು. ನಿಜ ಹೇಳಲು ಒಂದು ಮಾತು ಸಾಕಿತ್ತು. ಹೇಳಿದ್ದರೆ ನನ್ನ ಪೂಜೆಯ ಮೇಲೆ ತಪ್ಪು ಬರುತ್ತಿತ್ತು.

"ಏನ್ ಇಡ್ತಿದ್ರಮ್ಮ?" ಸಾಬರು ಇನ್ನೊಮ್ಮೆ ಕೇಳಿದರು.

"ನಿಂಬೆಹೋಳು," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರಿಗೆ ಕೇಳಿಸಿತು. "ಇರ್ಲಿ ಬಿಡ್ರಿ. ಒಳ್ಳೇದಾಗ್ಲಿ ಅಂತಾನೇ ಇಟ್ಟಿರೋದಲ್ವಾ?" ಎಂದರು. ಬೈದಿದ್ದರೆ ವಾಸಿಯಿತ್ತು.

"ಇದನ್ನೇ ಅಚ್ಚು ಮಾಡ್ಕಂಡು ಹೊಸದು ಎರಕ ಹುಯ್ಯಕ್ಕಾಗಲ್ವಾ?"

"ತಿಂದುಹೋಗಿರೋದನ್ನ ಅಚ್ಚಿಗಿಟ್ರೆ ತಿಂದುಹೋಗಿರೋ ಆಕಾರನೇ ಬರ್ತೈತಮ್ಮ. ಇದರ ಜೋಡಿ ಇನ್ನೊಂದು ಇರ್ಬೇಕಲ್ಲ? ಅದು ಚೆನ್ನಾಗಿದ್ರೆ ತಗಂಬರ್ರಿ, ಮಾಡಿಕೊಡ್ತೀನಿ."

ಒಂದು ನಿಂಬೆಹಣ್ಣಿಗೆ ಎರಡು ಹೋಳು. ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಇಟ್ಟವಳು ನಾನೇ. ಆ ಇನ್ನೊಂದು ಹೇಗಿರುತ್ತದೆಂದು ನೋಡಲು ಊರಿಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ.

ನನ್ನ ಮುಖ ನೋಡಿ ಸಾಬರು ಲಾರಿ ಶೆಡ್ಡಿಗೆ ಹೇಳಿ ಕಳಿಸಿ ಎರಡು ಕಬ್ಬಿಣದ ಚಿಲಕ ತರಿಸಿದರು. ಒರಟು, ಆದರೆ ಗಟ್ಟಿ. "ಹೊಸಾ ತೂತು ಹಾಕಿ ಕೂರಿಸ್ರಿ. ಮರ ಗಟ್ಟಿಯಿದ್ರೆ ನಿಲ್ತೈತೆ," ಎಂದರು.

ಬಸ್ಸಿನಲ್ಲಿ ಆ ಭಾರವನ್ನು ಮಡಿಲಲ್ಲಿಟ್ಟುಕೊಂಡು, ಮರ ಗಟ್ಟಿಯಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಹನುಮಂತ ಸ್ಕ್ರೂಡ್ರೈವರ್ ಇಟ್ಟು ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ಇನ್ನೊಂದು ಕಡೆ ಒತ್ತಿದ. ಅಲ್ಲೂ ಅಷ್ಟೇ.

"ಅತ್ತಿಗೆ, ಇದು ಮರ ಅಲ್ಲ, ನೆನೆದ ರೊಟ್ಟಿ. ಚಿಲಕ ಸರಿಯಾಗಿ ಕೂರದೆ ವರ್ಷಗಟ್ಟಲೆ ನೀರು ಒಳಗಿಳಿದೈತೆ. ಮುಂದಿನ ಹಲಗೆ ಪೂರ್ತಿ ಹೋಗೈತೆ. ಇದರಲ್ಲಿ ಮಕ್ಕಳನ್ನ ಕೂರಿಸ್ತೀರಾ?"

ನಿಮ್ಮನ್ನು ಅದರಲ್ಲಿ ಕೂರಿಸಲು ನನಗೆ ಧೈರ್ಯ ಬರಲಿಲ್ಲ.

"ಒಡೆದುಬಿಡಪ್ಪ," ಅಂದೆ.

ಮೊದಲ ಏಟು ಹಾಕುವ ಮುಂಚೆ ಅವನು ದೋಣಿಗೆ ಕೈ ಮುಗಿದ. ಆಮೇಲೆ, ಅಣ್ಣನ ಮೇಲಿನ ಪ್ರೀತಿಯಿಂದಲೇ ಹೇಳಿದ: "ಪಾಪ, ಅಣ್ಣ ಒಳ್ಳೇ ಮನುಷ್ಯ. ಆದ್ರೆ ಒಂದಿಷ್ಟು ನಿಗಾ ಮಾಡಿದ್ರೆ ಇದು ಇನ್ನೂ ಇಪ್ಪತ್ತು ವರ್ಷ ಬಾಳ್ತಿತ್ತು."

ಆಗ ನಾನು ಹೇಳಬೇಕಿತ್ತು. ಪಕ್ಕದಲ್ಲೇ ನಿಂತಿದ್ದೆ. ಬಾಯಿಯವರೆಗೂ ಬಂತು. ಗುರುತು ಪರಿಚಯವಿಲ್ಲದ ಸಾಬರ ಮುಂದೆ ಒಪ್ಪಿಕೊಂಡವಳು ಮೈದುನನ ಮುಂದೆ ಒಪ್ಪಿಕೊಳ್ಳಲಾರದೆ ಹೋದೆ. ನಾಚಿಕೆ ಎಂದು ಇಷ್ಟು ವರ್ಷ ಇದಕ್ಕೇ ಹೆಸರಿಟ್ಟುಕೊಂಡಿದ್ದೆನೋ ಏನೋ. ಅದು ಹೇಡಿತನ.

ಹಲಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಹಿಂದಿನ ಹಲಗೆಗಳು ಬಿಡಲೇ ಒಲ್ಲವು, ಅಷ್ಟು ಗಟ್ಟಿ. ಸಂದುಗಳಿಗೆಲ್ಲ ನಿಮ್ಮಜ್ಜ ಹತ್ತಿ ತುಂಬಿ, ಮೇಣ ಬಳಿದು, ಅದರ ಮೇಲೆ ಮತ್ತೆ ಬಳಿದಿದ್ದರು. ನನ್ನ ಕೈ ತಾಗದ ಕಡೆಯೆಲ್ಲ ದೋಣಿ ಹೊಸದರಂತೆಯೇ ಇತ್ತು.

ಸಿಂಚನಾ, ತರುಣ್, ಬಾಯಲ್ಲಿ ಹೇಳಲಾಗದ್ದನ್ನು ಪತ್ರಿಕೆಯಲ್ಲಿ ಬರೆದಿದ್ದೇನೆ. ಹನುಮಂತನೂ ಓದುತ್ತಾನೆ, ನಿಮ್ಮಮ್ಮನೂ ಓದುತ್ತಾಳೆ. ಓದಲಿ. ನೀವು ಮಾತ್ರ ಈ ಹಾಳೆಗಳನ್ನು ಕತ್ತರಿಸಿ ಜೋಪಾನವಾಗಿ ಎತ್ತಿಡಿ. ಮುಂದೆ ಎಂದಾದರೂ, ಯಾರಾದರೂ, ನಿಮ್ಮಜ್ಜನಿಗೆ ನಿಗಾ ಇರಲಿಲ್ಲ ಎಂದು ನಿಮ್ಮೆದುರು ನಕ್ಕರೆ, ಇದನ್ನು ತೆಗೆದು ಅವರ ಕೈಗೆ ಕೊಡಿ.