ಮಡಿ ಅಡುಗೆಗೆಂದು ಹಿಡಿದ ರೂಮು

೧೯೬೭ನೇ ಇಸವಿ. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಆವತಿಯಲ್ಲಿದ್ದ ನಮ್ಮಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿದೆ ಎಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ನಾನು ಅವಳಿಗೆ ಒಬ್ಬಳೇ ಮಗಳು. ನಮ್ಮ ಯಜಮಾನರು ದೇವನಹಳ್ಳಿಯಲ್ಲಿ ಮೇಷ್ಟ್ರಾಗಿದ್ದರು, ಹತ್ತು ದಿನ ರಜ ಹಾಕಿ ಜೊತೆಗೆ ಬಂದರು. ಬೆಂಗಳೂರಿನಲ್ಲಿ ನಮಗೆ ನೆಂಟರು ಯಾರೂ ಇರಲಿಲ್ಲ. ಹೆಂಗಸರ ವಾರ್ಡಿನಲ್ಲಿ ಜೊತೆಗಿರಲು ಯಾರನ್ನೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತು, ಸಾಯಂಕಾಲ ನಾಲ್ಕರಿಂದ ಆರು, ಅಷ್ಟೇ. ಹಾಗಾಗಿ ಒಂದು ರೂಮು ಹಿಡಿಯಲೇಬೇಕಾಯಿತು.

ಮೊದಲು ನೋಡಿದ್ದು ಆಸ್ಪತ್ರೆಯ ಎದುರಿಗೇ ಇದ್ದ ಲಾಡ್ಜು. ಯಜಮಾನರು ಹಾಸಿಗೆ ಎತ್ತಿ ತಿಗಣೆ ಇದೆಯೇ ಎಂದು ನೋಡಿದರು. ಇರಲಿಲ್ಲ. ಕಿಟಕಿ ತೆಗೆದರೆ ವಾರ್ಡಿನ ಗೇಟು ಕಾಣುತ್ತಿತ್ತು. ಬಾಡಿಗೆ ಸ್ವಲ್ಪ ಜಾಸ್ತಿ, ಆದರೂ ಆಗಬಹುದು ಎಂದರು. ನಾನು ಕೇಳಿದ್ದು ಒಂದೇ ಮಾತು, ರೂಮಿನಲ್ಲಿ ಅಡುಗೆ ಮಾಡಿಕೊಳ್ಳಬಹುದೇ ಅಂತ. ಆಗುವುದಿಲ್ಲ ಎಂದರು ಮ್ಯಾನೇಜರು. ನಾನು ಮೆಟ್ಟಿಲಿಳಿಯುವಾಗ ಆ ವಯಸ್ಸಾದ ಮ್ಯಾನೇಜರು ಹಿಂದಿನಿಂದ ಕರೆದು ಹೇಳಿದರು.

"ಅಮ್ಮಾ, ವಾರ್ಡಿನ ಆಯಾ ಬಂದು ಕೂಗಿದ್ರೆ ಎರಡು ನಿಮಿಷಕ್ಕೆ ನೀವು ಅಲ್ಲಿರ್ತೀರಿ. ಆಸ್ಪತ್ರೆಗೆ ಬಂದೋರು ನೋಡ್ಬೇಕಾದ್ದು ಅದೊಂದೇ."

ವ್ಯಾಪಾರದ ಮಾತು ಅಂದುಕೊಂಡೆ. ದೇವರು ಕ್ಷಮಿಸಲಿ.

ನನ್ನ ಕಷ್ಟ ಬೇರೆ ಇತ್ತು. ಅಪ್ಪ ತೀರಿಕೊಂಡ ಮೇಲೆ ಮೂವತ್ತು ವರ್ಷ ಅಮ್ಮ ಮಡಿಯಲ್ಲೇ ಬಾಳಿದವಳು. ಸ್ನಾನ ಮಾಡಿ, ಮಡಿಸೀರೆ ಉಟ್ಟು, ಯಾರನ್ನೂ ಮುಟ್ಟದೆ ಮಾಡಿದ ಅಡುಗೆ ಬಿಟ್ಟು ಬೇರೇನೂ ಬಾಯಿಗಿಟ್ಟವಳಲ್ಲ. ಆಸ್ಪತ್ರೆ ಸೇರಿದ ದಿನ ಹಾಲನ್ನೂ ಮುಟ್ಟಲಿಲ್ಲ. ಹೊಟ್ಟೆಗೆ ಬೀಳದಿದ್ದರೆ ಆಪರೇಷನ್ನಿಗೆ ಶಕ್ತಿ ಎಲ್ಲಿಂದ ಬರುತ್ತೆ ಎಂದು ಡಾಕ್ಟರು ನನ್ನನ್ನು ಗದರಿಸಿದ್ದರು.

ಹುಡುಕಿ ಹುಡುಕಿ ಬಳೇಪೇಟೆಯ ಒಂದು ಓಣಿಯಲ್ಲಿ ರೂಮು ಸಿಕ್ಕಿತು. ಸೀಮೆಎಣ್ಣೆ ಸ್ಟೌ ಹಚ್ಚಲು ಅಡ್ಡಿಯಿಲ್ಲ, ಅಂಗಳದಲ್ಲಿ ನಲ್ಲಿ, ಪಕ್ಕದಲ್ಲೇ ತುಳಸಿಕಟ್ಟೆ. ಬಾಡಿಗೆಯೂ ಕಮ್ಮಿ. ಆಸ್ಪತ್ರೆಗೆ ಮಾತ್ರ ಸಿಟಿ ಬಸ್ಸಿನಲ್ಲಿ ಅರ್ಧ ಗಂಟೆ. ನಮ್ಮ ಮನೆದೇವರು ಘಾಟಿಯ ಸ್ವಾಮಿಯೇ ತೋರಿಸಿದ ಜಾಗ ಎಂದು ಆ ದಿಕ್ಕಿಗೆ ಕೈಮುಗಿದು, ಒಂದು ವಾರಕ್ಕೆ ಹೆಸರು ಬರೆಸಿದೆವು. ಅಮ್ಮ ಊರಿನಿಂದ ತಂದಿದ್ದ ಗಂಗೆಯ ಗಿಂಡಿಯನ್ನು ಟ್ರಂಕಿನಲ್ಲಿಟ್ಟೆ. ಅಪ್ಪ ಕಾಶಿಯಿಂದ ತಂದಿದ್ದ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ ಅದು. ತನ್ನ ಕೊನೆಗಾಲಕ್ಕೆಂದು ಅಮ್ಮ ಅದನ್ನು ಜೋಪಾನ ಮಾಡಿದ್ದಳು.

ಮಾರನೆಯ ಬೆಳಿಗ್ಗೆ ತಣ್ಣೀರಲ್ಲಿ ಮಿಂದು, ಅನ್ನ ಸಾರು ಮಾಡಿ ಕ್ಯಾರಿಯರಿನಲ್ಲಿ ಒಯ್ದೆ. "ಮಡೀಲಿ ಮಾಡ್ದ್ಯೇನೇ?" ಎಂದು ಕೇಳಿಕೊಂಡೇ ಅಮ್ಮ ಬಾಯಿ ತೆರೆದಳು. ಬಸ್ಸಿನಲ್ಲಿ ತಂದರೆ ಮಡಿ ಉಳಿಯುತ್ತಾ ಎಂದು ಯಜಮಾನರು ತಮಾಷೆ ಮಾಡಿದರೆ, ಅಷ್ಟನ್ನು ದೇವರು ನೋಡ್ಕೋತಾನೆ ಎಂದಳು. ನಾಲ್ಕು ತುತ್ತು ಹೋಯಿತು. ನನಗೆ ಅದೇ ದೊಡ್ಡ ಭಾಗ್ಯ.

ಪಕ್ಕದ ಮಂಚದಲ್ಲಿ ಹೊಸಕೋಟೆಯ ಮುನಿಯಮ್ಮ ಎಂಬಾಕೆ ಇದ್ದಳು. ಸೊಪ್ಪು ಮಾರುವವಳು, ಕಾಲು ಮುರಿದುಕೊಂಡಿದ್ದಳು. ಆಕೆ ಕೋಲೂರಿಕೊಂಡು ಹತ್ತಿರ ಬಂದರೆ ಸಾಕು, ಅಮ್ಮ ಸೆರಗು ಒಳಗೆಳೆದುಕೊಳ್ಳುತ್ತಿದ್ದಳು. ಮುನಿಯಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮಮ್ಮಾರು ನನ್ ನೆಳ್ಳೂ ತಾಕದಂಗೆ ಮಲಗವ್ರೆ ಕಣವ್ವ. ದೀಪ ಆರಿಸಿದ್ರೆ ನೆಳ್ಳೇ ಇರಾಕಿಲ್ಲ, ಆಗೇನ್ ಮಾಡ್ತಾರೋ" ಎಂದು ನಕ್ಕಳು. ಅಮ್ಮ ಆಚೆ ತಿರುಗಿ ಮಲಗಿದಳು. ಅವಳಿಗೂ ನಗು ಬಂದಿತ್ತೆಂದು ನನಗೆ ಗೊತ್ತು.

ನಾಲ್ಕನೆಯ ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಐದಕ್ಕೆ ಬರುತ್ತಿದ್ದದ್ದು ಆರಾದರೂ ಇಲ್ಲ. ಯಜಮಾನರು, ಇವತ್ತೊಂದು ದಿನ ಅಡುಗೆ ಬೇಡ, ಹೀಗೇ ಹೊರಡೋಣ ಎಂದರು. ನಾನು ಕೇಳಲಿಲ್ಲ. ಬರಿಗೈಲಿ ಹೋದರೆ ಅಮ್ಮ ಉಪವಾಸವಿರುತ್ತಾಳೆ ಎಂದು ಬಿಂದಿಗೆ ಹಿಡಿದು ಕೂತೇ ಇದ್ದೆ. ಆರೂವರೆಗೆ ನೀರು ಬಂತು. ಮಿಂದು, ಬೇಯಿಸಿ, ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಂಟೂವರೆ.

ಅಮ್ಮನ ಮುಖಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು.

ಬೆಳಗಿನ ಜಾವದಿಂದಲೇ ಉಸಿರು ಕಟ್ಟುತ್ತಿತ್ತಂತೆ. ಕಾಯಿಲೆಯವರ ಕಡೆಯವರು ಹೆಚ್ಚಾಗಿ ಇಳಿಯುವುದು ಅಲ್ಲೇ ಎಂದು ಆಯಾ ಎರಡು ಸಲ ಎದುರಿನ ಲಾಡ್ಜಿಗೂ ಹೋಗಿ ನಮ್ಮನ್ನು ಕೇಳಿ ಬಂದಳಂತೆ. ಪ್ರಾಣ ಹೋಗಿ ಅರ್ಧ ಗಂಟೆಯಾಗಿತ್ತು. ನನ್ನ ಕೈಯಲ್ಲಿ ಕ್ಯಾರಿಯರು ಇನ್ನೂ ಬಿಸಿಯಾಗಿತ್ತು. ಹಿಂದಿನ ಸಾಯಂಕಾಲ ನಾನು ತುಂಬಿಟ್ಟು ಹೋಗಿದ್ದ ಚೊಂಬು ಬರಿದಾಗಿತ್ತು. ಅದರ ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ಲೋಟ. ಅದು ನಮ್ಮದಲ್ಲ.

ಮುನಿಯಮ್ಮ ಕೋಲು ಬಿಟ್ಟು ಮಂಚದ ಅಂಚು ಹಿಡಿದು ನಿಂತಿದ್ದಳು. "ನಿನ್ ಹೆಸ್ರೇ ಕೂಗ್ತಿದ್ರು ಕಣವ್ವ. ಆಮೇಲೆ ನೀರು ಅಂದ್ರು. ನಾನು ಕೊಟ್ರೆ ಕುಡೀತೀರಾ ಅಮ್ಮಾರೇ ಅಂತ ಕೇಳ್ದೆ. ಬಾಯಿ ತೆಗೆದ್ರು. ಮೂರು ಗುಟುಕು ಕುಡಿದ್ರು, ನನ್ ಕೈ ಹಿಡ್ಕೊಂಡ್ರು. ತಪ್ಪಾಗಿದ್ರೆ ಹೊಟ್ಟೆಗಾಕ್ಕೊಳವ್ವ."

ಆಕೆಯ ಕೈಯನ್ನು ನನ್ನ ಕಣ್ಣಿಗೊತ್ತಿಕೊಂಡೆ. ಅದರಲ್ಲಿ ಇನ್ನೂ ಸೊಪ್ಪಿನ ವಾಸನೆ ಇತ್ತು ಅನ್ನಿಸಿತು, ಇದ್ದಿರಲಾರದು.

ಹನ್ನೊಂದು ವರ್ಷವಾಯಿತು. ನಮ್ಮ ಕಡೆಯವರು ಯಾರಾದರೂ ಕಾಯಿಲೆಯವರನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟರೆ, ರೂಮಿನ ಬಾಡಿಗೆ, ನಲ್ಲಿ, ತಿಗಣೆ ಏನೂ ಕೇಳಬೇಡಿ, ಆಸ್ಪತ್ರೆಯ ಗೇಟಿಗೆ ಎಷ್ಟು ಹೆಜ್ಜೆ ಅಂತ ಮಾತ್ರ ಕೇಳಿ ಎನ್ನುತ್ತೇನೆ. ಮಡಿ ಬಿಟ್ಟಿಲ್ಲ, ಬಿಡುವುದಕ್ಕೆ ನನ್ನಿಂದ ಆಗದು. ಆದರೆ ನೀರಿಗಾಗಿ ಕಾದು ಕೂತ ಆ ಒಂದೂವರೆ ಗಂಟೆ ನನ್ನ ಎದೆಯಿಂದ ಇಳಿದಿಲ್ಲ. ಅಮ್ಮ ಬಾಯಾರಿಕೊಂಡು ಹೋಗಲಿಲ್ಲವಲ್ಲ ಎಂದು ದಿನಾ ದೀಪ ಹಚ್ಚುವಾಗ ಹೊಸಕೋಟೆಯ ಆ ತಾಯಿಯನ್ನು ನೆನೆಯುತ್ತೇನೆ.

ಗಂಗೆಯ ಗಿಂಡಿ ಬೆಸುಗೆ ಒಡೆಯದೆ ದೇವರ ಗೂಡಿನಲ್ಲೇ ಇದೆ. ನನ್ನ ಮಗಳಿಗೆ ಹೇಳಿಟ್ಟಿದ್ದೇನೆ, ನನ್ನ ಹೊತ್ತು ಬಂದಾಗ ಅದನ್ನು ಹುಡುಕುತ್ತಾ ಒಳಗೆ ಹೋಗಬೇಡ, ಹತ್ತಿರವೇ ಕೂತಿರು, ಯಾವ ಲೋಟ ಕೈಗೆ ಸಿಗುತ್ತೋ ಅದರಲ್ಲೇ ಕೊಡು ಅಂತ.