ಗಾಲಿಯ ಕೆಳಗಿನ ಚಪ್ಪಡಿ

ನಮ್ಮ ಧಣಿಯ ಜೀಪನ್ನು ಕಂಡರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಮರಾಠಿ ಸೀಮೆಯ ಮಾಜಿವಾಡಾದಲ್ಲಿದ್ದ ಅವರ ಹೋಟೆಲಿನಲ್ಲಿ ನಾನು ಕೌಂಟರ್ ನೋಡಿಕೊಳ್ಳುತ್ತಿದ್ದೆ. ಧಣಿ ಉಡುಪಿ ಕಡೆಯವರು, ನನಗಿಂತ ಚಿಕ್ಕವರು. ಒಳ್ಳೆಯ ಡಾಂಬರು ರಸ್ತೆ ಬಿಟ್ಟು ಕಲ್ಲುಮುಳ್ಳಿನಲ್ಲಿ ಗಾಡಿ ಓಡಿಸಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುವುದು ಅವರ ಶೋಕಿ. ಹೊಟ್ಟೆ ತುಂಬಿದವರ ಆಟ, ಇನ್ನೇನು!

ಒಂದು ಬೇಸಿಗೆಯಲ್ಲಿ ಅವರಿಗೆ ಶಿಳ್‌ಫಾಟಾ ಆಚೆಯ ಗುಡ್ಡದ ಹಳೆಯ ಕಲ್ಲುಗಣಿಗೆ ಹೋಗುವ ಹುಚ್ಚು ಹಿಡಿಯಿತು. ದಾರಿ ನನ್ನ ಅವ್ವನಿಗೆ ಗೊತ್ತು ಎಂದೆ. ಕಲಬುರಗಿಯಿಂದ ಬಂದು ಅಲ್ಲೇ ಕಲ್ಲು ಒಡೆದವಳು ಅವಳು. ನಾನು ಹುಟ್ಟುವ ಮೊದಲೇ, ಇನ್ನೂ ಹಲ್ಲು ಬಾರದ ನನ್ನ ಅಣ್ಣ ಅಲ್ಲೇ ಜ್ವರದಲ್ಲಿ ತೀರಿಕೊಂಡಿದ್ದ. ನಮ್ಮಲ್ಲಿ ಕೂಸುಗಳನ್ನು ಸುಡುವುದಿಲ್ಲ, ಹೂಳುತ್ತಾರೆ. ನಾಯಿ ಕೆದರದಿರಲೆಂದು ಮೇಲೊಂದು ಚಪ್ಪಡಿ ಇಟ್ಟು, ಗುರುತಿಗೆ ಅವ್ವ ತನ್ನ ಉಳಿಯಿಂದಲೇ ಮೂರು ಗೆರೆ ಕೊರೆದಿದ್ದಳಂತೆ. "ಒಮ್ಮೆ ಅದನ್ನ ನೋಡಿ ಸಾಯ್ತೀನೋ" ಎಂದು ದಿವಾದ ನಮ್ಮ ಬಾಡಿಗೆ ಖೋಲಿಯಲ್ಲಿ ಕೂತು ಕೊರಗುತ್ತಿದ್ದಳು. ಆ ಒಂದೇ ಆಸೆಗೆ ಸೆರಗಿನಲ್ಲಿ ಬೆಲ್ಲ, ಅರಿಷಿಣ ಕಟ್ಟಿಕೊಂಡು ಜೀಪು ಹತ್ತಿದಳು. ಇದನ್ನೆಲ್ಲ ಧಣಿಗೆ ಹೇಳಲಿಲ್ಲ. ಅವರಿಗೆ ಯಾಕೆ?

ದಾರಿಯುದ್ದಕ್ಕೂ ಹೊಂಡ. ಅವ್ವನ ತಲೆ ಜೀಪಿನ ಸರಳಿಗೆ ಬಡಿಯಿತು. "ಗಟ್ಟಿ ಹಿಡ್ಕೊಳ್ಳಿ ಅಮ್ಮ, ಇದ್ರಲ್ಲೇ ಮಜಾ ಇರುದು!" ಎಂದು ಧಣಿ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಗಣಿಯಲ್ಲಿ ನೆರಳೆಂಬುದೇ ಇರಲಿಲ್ಲ, ಎಲ್ಲೆಡೆ ಬೂದಿಬಣ್ಣದ ಕಲ್ಲುಪುಡಿ. "ರಾಜಸ್ಥಾನದ ಮರುಭೂಮಿ ಹಾಗೇ ಉಂಟಲ್ಲ ಮಾರಾಯ!" ಎಂದು ಧಣಿ ಅದರೊಳಗೇ ನುಗ್ಗಿಸಿದರು. ಹಿಂದಿನ ಗಾಲಿಗಳು ಅರ್ಧ ಹೂತುಹೋದವು. ಅವರು ಬೈದುಕೊಳ್ಳುತ್ತ ಇಳಿದರು. ಕೂಸನ್ನು ಹೂತದ್ದು ಒಂದು ಬೇವಿನ ಮರದ ಬುಡದಲ್ಲಿ. ಆ ಮರ ಹುಡುಕುತ್ತ ಅವ್ವ ಆಚೆ ನಡೆದಳು, ನಾನು ಅವಳ ಹಿಂದೆ. ಎಷ್ಟು ಸುತ್ತಿದರೂ ಮರ ಸಿಗಲಿಲ್ಲ. ಸೋತು ಹಿಂತಿರುಗುವಷ್ಟರಲ್ಲಿ ಧಣಿ ಎಲ್ಲಿಂದಲೋ ಒಂದು ಚಪ್ಪಟೆ ಕಲ್ಲು ಕಿತ್ತು ತಂದು ಗಾಲಿಗೆ ಒಡ್ಡಿದ್ದರು. ಗಾಲಿ ಅದರ ಮೇಲೇರಿ ನಿಂತಿತ್ತು.

ಅವ್ವ ಬಗ್ಗಿದಳು. ಸೆರಗಿನಿಂದ ಕಲ್ಲಿನ ಅಂಚು ಒರೆಸಿದಳು. ಮೂರು ಗೆರೆ ಕಂಡವು.

"ಎಲ್ಲಿಂದ ಕಿತ್ತೀಪಾ ಇದನ್ನ?"

"ಅಲ್ಲಿ, ಆ ಬೊಡ್ಡೆ ಹತ್ರ. ಎಂತಾಯ್ತು ಅಮ್ಮ?"

ಕಡಿದ ಬೇವಿನ ಬೊಡ್ಡೆ. ಅರ್ಧ ಪುಡಿಯಲ್ಲಿ ಮುಚ್ಚಿಹೋಗಿತ್ತು. ನಾವು ಮರ ಹುಡುಕುತ್ತ ಅದರ ಪಕ್ಕದಲ್ಲೇ ಹಾದುಹೋಗಿದ್ದೆವು.

"ನಮ್ಮ ಅಣ್ಣನ ಗೋರಿ ಕಲ್ಲು ರೀ ಅದು!" ಎಂದು ಕಿರುಚಿದೆ. ನೌಕರಿ ಹೋದರೆ ಹಾಳಾಗಿ ಹೋಗಲಿ.

ಧಣಿ ಗಾಲಿ ಬಿಟ್ಟು ಹಿಂದೆ ಸರಿದರು. "ಅಯ್ಯೋ ದೇವರೇ... ಬೇರೆ ಕಲ್ಲು ಹಾಕಿಸಿ ಕೊಡ್ತೇನೆ ಅಮ್ಮ. ಇದಕ್ಕಿಂತ ಒಳ್ಳೇದು."

ನನ್ನ ಕೈ ಅವರ ಕಾಲರಿಗೆ ಹೋಯಿತು. ಅವ್ವ ನನ್ನ ರಟ್ಟೆ ಹಿಡಿದು ಎಳೆದಳು.

"ಜಗಳಾ ಆಮ್ಯಾಲ ಮಾಡೋ. ಮೊದಲ ಗಾಡಿ ದಬ್ಬು. ಕೂಸಿನ ಎದಿ ಮ್ಯಾಲಿಂದ ಅದು ಇಳೀಲಿ."