ಹಾಕುವ ಕೈಯೇ ತೆಗೆಯುವ ಕೈ

ಬೆಳಕು ಹರಿಯುವ ಹೊತ್ತಿಗೇ ಆರೋಗ್ಯ ಕೇಂದ್ರದ ಒಳಕೋಣೆಯಲ್ಲಿ ಕುಕ್ಕರ್ ಸೀಟಿ ಹಾಕುತ್ತದೆ. ಬೇಯುತ್ತಿರುವುದು ಅನ್ನವಲ್ಲ, ಇಕ್ಕಳ, ಕತ್ತರಿ. ನರ್ಸಕ್ಕ ಮಂಚಕ್ಕೆ ಒಗೆದ ಹಾಸು ಹಾಸಿ, ಕಿಟಕಿಯ ಪರದೆಯನ್ನು ಸಂದಿಲ್ಲದಂತೆ ಎಳೆಯುತ್ತಾರೆ. ಗರ್ಭ ನಿಲ್ಲದಂತೆ ಹೆಂಗಸರಿಗೆ ವಂಕಿ, ಅಂದರೆ ಕಾಪರ್-ಟಿ, ಹಾಕುವುದು ಅವರ ಬೆಳಗಿನ ಕೆಲಸ.

ಅವರು ಬಂದ ಹೊಸತರಲ್ಲಿ ಈ ಬಾಗಿಲು ಕಂಡರೆ ಹೆಂಗಸರು ದಾರಿ ಬದಲಿಸುತ್ತಿದ್ದರು. "ಹಾಕೋವಾಗ ಅಕ್ಕಾ ಬಾ ಅಂತಾರೆ, ತೆಗೀರಿ ಅಂದ್ರೆ ನೀನ್ಯಾರು ಅಂತಾರೆ" ಎಂಬ ಮಾತಿತ್ತು. ನರ್ಸಕ್ಕ ಕೇಳಿದ ದಿನವೇ ತೆಗೆದುಕೊಡತೊಡಗಿದರು. ವಂಕಿ ಹಾಕಿಸಿಕೊಂಡವರ ಲೆಕ್ಕ ಇಳಿಯಿತೆಂದು ಮೇಲಿನವರು ಗದರಿದರು. "ಬೈಸ್ಕೊಂಡೆ. ಬೈಗುಳಕ್ಕೆ ಮೈಯೇನೂ ಸವೆಯಲ್ಲ ನೋಡಿ" ಎಂದು ನಗುತ್ತಾರೆ. ಈಗ ದಿನಕ್ಕೆ ಮೂರು ನಾಲ್ಕು ಮಂದಿ ತಾವಾಗಿಯೇ ಬರುತ್ತಾರೆ.

ಇವತ್ತು ಮೊದಲು ಬಂದವಳು ಬಟ್ಟೆ ಹೊಲಿಯುವಾಕೆ. ತೋಳಲ್ಲಿ ಹಾಲು ಕುಡಿಯುವ ಕೂಸು, ಪಕ್ಕದಲ್ಲಿ ಅತ್ತೆ. ಬಾಣಂತನ ಮುಗಿಸಿ ಈಗಷ್ಟೇ ಹೊಲಿಗೆ ಮಿಷನ್ನಿಗೆ ಮರಳಿದ್ದಾಳೆ. ಮತ್ತೆ ಬಸಿರಾದರೆ ಆ ಜಾಗದಲ್ಲಿ ಬೇರೆಯವಳು ಕೂರುತ್ತಾಳೆ.

"ಹಾಲು ಬತ್ತಿಹೋದ್ರೆ?" ಅತ್ತೆಯ ಅನುಮಾನ.

"ಬತ್ತಲ್ಲಮ್ಮ. ಇದರಲ್ಲಿ ಔಷಧಿ ಇಲ್ಲ, ತಾಮ್ರದ ತಂತಿ ಅಷ್ಟೇ." ಬೆಂಕಿಕಡ್ಡಿಗಿಂತ ಚಿಕ್ಕದಾದ ಮಾದರಿಯೊಂದನ್ನು ನರ್ಸಕ್ಕ ಮುದುಕಿಯ ಅಂಗೈಗಿಡುತ್ತಾರೆ.

"ಇಷ್ಟೇನಾ? ನಾನು ಕುಡುಗೋಲಿನಷ್ಟಿರುತ್ತೆ ಅಂದ್ಕೊಂಡಿದ್ದೆ."

ನರ್ಸಕ್ಕ ಮುಚ್ಚಿಡುವುದಿಲ್ಲ. ಮೊದಲ ಕೆಲವು ತಿಂಗಳು ಮುಟ್ಟು ಹೆಚ್ಚು ಹೋಗಬಹುದು, ಹೊಟ್ಟೆ ಹಿಂಡಬಹುದು ಎನ್ನುತ್ತಾರೆ. ಸೊಸೆ ಸೆರಗಿನ ತುದಿ ಸುತ್ತುತ್ತಾ ಕೇಳುತ್ತಾಳೆ: "ನಂಗೆ ಬೇಡ ಅನ್ನಿಸಿದ್ರೆ?"

"ಬಾ, ತೆಗೀತೀನಿ. ಯಾಕೆ ಅಂತ ಕೇಳಲ್ಲ."

"ನಾನು ಬಂದು ತೆಗಿ ಅಂದ್ರೆ?" ಅತ್ತೆ ಬಿಡುವುದಿಲ್ಲ.

"ನಿಮಗೆ ಹಾಕೇ ಇಲ್ವಲ್ಲಮ್ಮ, ಏನು ತೆಗೀಲಿ?"

ಮುದುಕಿ ಮುಖ ತಿರುಗಿಸುತ್ತಾಳೆ, ನಗು ತುಟಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕೂಸಿಗೆ ಕೈ ಚಾಚುತ್ತಾಳೆ. "ಕೊಡಿಲ್ಲಿ. ಬೇಗ ಬಾ. ಇವನೆದ್ರೆ ನನ್ ಹತ್ರ ನಿಲ್ಲಲ್ಲ."

ಸ್ವಲ್ಪ ಹೊತ್ತಿಗೆ ಸೊಸೆ ಕಿಬ್ಬೊಟ್ಟೆ ಒತ್ತಿಕೊಂಡು ಹೊರಬರುತ್ತಾಳೆ. "ಮುಟ್ಟಿನ ನೋವಿನ ಹಾಗೆ ಹಿಂಡ್ತು, ಅಷ್ಟೇ. ಅಕ್ಕ, ನಾಳೆ ಮಿಷನ್ ತುಳೀಬಹುದಾ?"

"ನೋವಿಲ್ಲದಿದ್ರೆ ತುಳಿ."

ಮೂವರೂ ಬೀದಿಗಿಳಿದ ಮೇಲೆ ನರ್ಸಕ್ಕ ಕೈತೊಳೆಯುತ್ತಾ ಹೇಳುತ್ತಾರೆ: "ಇವಳಿಗೂ ಮುಂದೆ ಇನ್ನೊಂದು ಮಗು ಬೇಕು ಅನ್ನಿಸ್ಬಹುದು. ಆಗ ಇಲ್ಲಿಗೆ ಬರೋಕೆ ಹೆದರಬಾರದು. ಹಾಗೆ ತೆಗೆಸ್ಕೊಂಡು ಹೋದೋರ ಮಕ್ಕಳು ರಸ್ತೇಲಿ ಸಿಗ್ತಿರ್ತವೆ. ನನ್ನ ಗುರುತು ಅವಕ್ಕೆಲ್ಲಿ ಸಿಗುತ್ತೆ. ನನಗೆ ಮಾತ್ರ ಅವುಗಳ ಗುರುತು ಸಿಗುತ್ತೆ. ಬೇಕು ಅಂತಲೇ ಅಮ್ಮಂದಿರು ಕರೆಸ್ಕೊಂಡ ಮಕ್ಕಳು ಅವು."